ಮಾರಿದ ಕ್ಯಾಂಡಲ್ ಮರಳಿ ಕರೆಯುವುದು

ಗಾಜಿನ ಲೋಟದ ಮೇಣದಬತ್ತಿಗೆ ಕೊನೆಯ ಗಂಟೆಯೇ ಗಂಡಾಂತರದ ಗಂಟೆ. ಮೊದಲ ದಿನ ಹಚ್ಚಿದಾಗ ಎಲ್ಲ ಕ್ಯಾಂಡಲ್‌ಗಳೂ ಸಂಭಾವಿತವೇ. ಲೋಟದ ತುಂಬ ಮೇಣ, ಬಾಯಿಯ ಹತ್ತಿರ ಜ್ವಾಲೆ, ಬಿಸಿಯೆಲ್ಲ ಮೇಲಕ್ಕೆ ಹೋಗುತ್ತದೆ. ಉರಿದುರಿದು ತಳ ಸೇರಿದ ಮೇಲೆ ಹಾಗಲ್ಲ. ಸುತ್ತ ಗಾಜಿನ ಗೋಡೆ, ಕೆಳಗೆ ತೆಳ್ಳಗೆ ಒಂದು ಪದರ ಕರಗಿದ ಮೇಣ. ಗಾಜು ಬಿಸಿಯನ್ನು ಬೇಗ ದಾಟಿಸುವುದಿಲ್ಲ. ಒಳಮೈ ಕಾದು ಹಿಗ್ಗಲು ನೋಡುತ್ತದೆ, ತಣ್ಣಗಿರುವ ಹೊರಮೈ ಬಿಡುವುದಿಲ್ಲ. ಈ ಜಗ್ಗಾಟದ ನಡುವೆ ಹೊರಗೆ ಕೂದಲೆಳೆಯಷ್ಟು ಗೀರಿದ್ದರೂ ಸಾಕು, ಟಕ್ಕನೆ ಸೀಳುತ್ತದೆ. ತಳದಲ್ಲಿ ಅರ್ಧ ಇಂಚು ಮೇಣ ಉಳಿದಿರುವಾಗಲೇ ಆರಿಸಿಬಿಡಿ ಎಂದು ಲೇಬಲ್ ಮೇಲೆ ಬರೆಯುವುದು ಇದಕ್ಕೇ. ಕೊಂಡವರು ಮಾತ್ರ ಕಾಸು ಕೊಟ್ಟಿದ್ದೇವಲ್ಲ ಎಂದು ತಳ ಕಾಣುವ ತನಕ ಉರಿಸುತ್ತಾರೆ. ನಾನೂ ಉರಿಸಿದ್ದೇನೆ.

2023ರ ಮೇ ತಿಂಗಳಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿಗಳು ‘ಥ್ರೆಶೋಲ್ಡ್’ ಹೆಸರಿನ ಗಾಜಿನ ಜಾಡಿ ಕ್ಯಾಂಡಲ್‌ಗಳನ್ನು ವಾಪಸು ಕರೆದವು. ಒಂದೆರಡಲ್ಲ, ಸುಮಾರು 49 ಲಕ್ಷ. ಉರಿಯುತ್ತಿರುವಾಗಲೇ ಜಾಡಿ ಬಿರುಕು ಬಿಟ್ಟ ಅಥವಾ ಒಡೆದ 137 ದೂರುಗಳು ಬಂದಿದ್ದವು. ಕನಿಷ್ಠ 6 ಮಂದಿಗೆ ಗಾಯವಾಗಿತ್ತು. ಲೆಕ್ಕ ಹಾಕಿ ನೋಡಿ, ಹೆಚ್ಚುಕಡಿಮೆ 36 ಸಾವಿರ ಕ್ಯಾಂಡಲ್‌ಗೆ ಒಂದು ದೂರು. ಅಡುಗೆಮನೆಯಲ್ಲಿ ಮೇಣ ಕರಗಿಸಿ ವರ್ಷಕ್ಕೆ ಐನೂರು ಕ್ಯಾಂಡಲ್ ಮಾರುವವರಿಗೆ ಈ ಪ್ರಮಾಣದ ದೋಷ ಜನ್ಮದಲ್ಲಿ ಕಾಣಿಸದೆ ಹೋಗಬಹುದು. ‘ಇಷ್ಟು ವರ್ಷದಲ್ಲಿ ಒಂದೂ ಕಂಪ್ಲೇಂಟ್ ಬಂದಿಲ್ಲ’ ಎಂಬ ಮಾತು ಸುಳ್ಳಲ್ಲ, ಆದರೆ ಅದರಿಂದ ಕ್ಯಾಂಡಲ್ ಗಟ್ಟಿ ಎಂದೇನೂ ಸಾಬೀತಾಗುವುದಿಲ್ಲ. ಕಡಿಮೆ ಮಾರುವವರೇ ಹೆಚ್ಚು ಉರಿಸಿ ನೋಡಬೇಕು.

ಉರಿಸಿ ನೋಡುವುದೆಂದರೆ ದೀಪ ಹಚ್ಚಿ ಪಕ್ಕದಲ್ಲಿ ಕಾಫಿ ಕುಡಿಯುವುದಲ್ಲ. ಸ್ಟೀಲ್ ತಟ್ಟೆಯ ಮೇಲಿಟ್ಟು, ನಾಲ್ಕು ಗಂಟೆ ಉರಿಸಿ, ಆರಿಸಿ, ಪೂರ್ತಿ ತಣಿದ ಮೇಲೆ ಮತ್ತೆ ಹಚ್ಚಿ, ಹೀಗೆ ತಳದವರೆಗೆ ಹೋಗಬೇಕು. ಬತ್ತಿಯ ತುದಿಯಲ್ಲಿ ಅಣಬೆಯಂತೆ ಕರಿಯ ಗಂಟು ಕಟ್ಟಿದರೆ ಅದು ಸುಡಲಾಗುವುದಕ್ಕಿಂತ ಹೆಚ್ಚು ಮೇಣ ಹೀರುತ್ತಿದೆ ಎಂದರ್ಥ. ಬತ್ತಿ ಒಂದು ಬದಿಗೆ ವಾಲಿದರೆ ಜ್ವಾಲೆ ನೇರ ಗಾಜಿಗೆ ತಾಗುತ್ತದೆ. ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಎಫ್2417 ಮಾನದಂಡ ಜ್ವಾಲೆಯ ಎತ್ತರಕ್ಕೆ ಸಾಮಾನ್ಯವಾಗಿ 3 ಇಂಚಿನ ಮಿತಿ ಹಾಕುತ್ತದೆ. ಬತ್ತಿಯಲ್ಲದೆ ಬೇರೇನೂ ಹೊತ್ತಿಕೊಳ್ಳಬಾರದು ಎಂದೂ ಹೇಳುತ್ತದೆ. ಇದು ಅಲ್ಲಿ ಕಡ್ಡಾಯವೇನಲ್ಲ, ಉದ್ಯಮ ತಾನಾಗಿ ಒಪ್ಪಿಕೊಂಡದ್ದು. ಸರ್ಕಾರ ಖಡಾಖಂಡಿತವಾಗಿ ನಿಷೇಧಿಸಿದ್ದು ಬತ್ತಿಯೊಳಗಿನ ಸೀಸದ ತಂತಿಯನ್ನು, ಅದೂ 2003ರಲ್ಲಿ.

ಬೇರೇನೂ ಹೊತ್ತಿಕೊಳ್ಳಬಾರದು ಎಂಬ ಮಾತು ನಮ್ಮ ಇನ್‌ಸ್ಟಾಗ್ರಾಮ್ ಕಾಲಕ್ಕೆ ಹೇಳಿ ಮಾಡಿಸಿದಂತಿದೆ. ಮೇಣದ ಮೇಲೆ ಒಣಗಿದ ಗುಲಾಬಿ ಎಸಳು, ದಾಲ್ಚಿನ್ನಿ ಚಕ್ಕೆ, ಕಾಫಿ ಬೀಜ. ಫೋಟೋದಲ್ಲಿ ಚೆಂದ. ಹಚ್ಚಿದ ಮೇಲೆ ಎಸಳು ಮೇಣ ಹೀರಿ ತಾನೇ ಎರಡನೆಯ ಬತ್ತಿಯಾಗುತ್ತದೆ, ಚಕ್ಕೆ ಮೂರನೆಯದು. ಒಂದು ಬತ್ತಿಗೆಂದು ಆರಿಸಿದ ಗಾಜಿನೊಳಗೆ ಈಗ ಮೂರು ಬೆಂಕಿ. ತೆಂಗಿನ ಚಿಪ್ಪಂತೂ ಸ್ವತಃ ಸೌದೆ. ಮೆರುಗು ಹಚ್ಚದ ಮಣ್ಣಿನ ಕುಡಿಕೆಯ ರಂಧ್ರಗಳಲ್ಲಿ ಮೇಣ ಜಿನುಗಿ ಹೊರಗೆ ಬರುತ್ತದೆ. ಹೂವು ಬೇಕೇಬೇಕೆಂದರೆ ಪೆಟ್ಟಿಗೆಯ ಮೇಲೆ ಅಂಟಿಸಿ, ಯಾರು ಬೇಡವೆಂದರು?

ಹೊತ್ತಿದಾಗ ಜನ ಮೊದಲು ಮಾಡುವ ಕೆಲಸ ನೀರು ಸುರಿಯುವುದು. ನೀರು ಮೇಣಕ್ಕಿಂತ ಭಾರ. ತಳಕ್ಕಿಳಿದು, ಕಾದ ಮೇಣದಡಿ ಕ್ಷಣದಲ್ಲಿ ಆವಿಯಾಗಿ, ಉರಿಯುವ ಮೇಣವನ್ನು ಮುಖಕ್ಕೆ ಎರಚುತ್ತದೆ. ಮುಚ್ಚಳ ಹಾಕಿ ಗಾಳಿ ತಪ್ಪಿಸುವುದೇ ದಾರಿ. ಈ ಒಂದು ಸಾಲು ಲೇಬಲ್ ಮೇಲೆ ಇರಲೇಬೇಕು, ಕನ್ನಡದಲ್ಲಿ.

ಅದು ಬರೀ ಸೌಜನ್ಯದ ಮಾತೂ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಕಲಂ ಪ್ರಕಾರ, ಹೇಗೆ ಬಳಸಬೇಕೆಂಬ ಸೂಚನೆ, ಎಚ್ಚರಿಕೆ ಸರಿಯಾಗಿ ಕೊಡದೆ ಹಾನಿಯಾದರೆ ತಯಾರಕರು ಹೊಣೆ. ಅದೇ ಕಾಯ್ದೆಯ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಅಪಾಯಕಾರಿ ಸರಕನ್ನು ವಾಪಸು ಕರೆಸಿ ಹಣ ಹಿಂದಿರುಗಿಸಲು ಆದೇಶಿಸುವ ಅಧಿಕಾರವಿದೆ. ಅಮೆರಿಕದಲ್ಲಿ ಇನ್ನೂ ಬಿಗಿ. ಗಂಭೀರ ಗಾಯವಾಗಬಹುದಾದ ದೋಷ ಗೊತ್ತಾದ 24 ಗಂಟೆಯೊಳಗೆ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗಕ್ಕೆ ತಯಾರಕರೇ ತಿಳಿಸಬೇಕು. ಗ್ಯಾರೇಜಿನಲ್ಲಿ ಕ್ಯಾಂಡಲ್ ಮಾಡುವ ಒಬ್ಬಂಟಿಯೂ ಆ ಕಾನೂನಿನ ಕಣ್ಣಿಗೆ ತಯಾರಕರೇ. ಅಲ್ಲಿ ನೆಲೆಸಿ ದೀಪಾವಳಿಗೆ ಕ್ಯಾಂಡಲ್ ಮಾರುವ ನಮ್ಮವರಿಗೂ ಇದು ಅನ್ವಯಿಸುತ್ತದೆ.

ವಾಪಸು ಕರೆಯುವುದೇನೋ ಸರಿ, ಆದರೆ ಯಾರನ್ನು ಕರೆಯುವುದು? ಇಲ್ಲಿಗೆ ಬಂದಾಗ ಗೊತ್ತಾಗುವುದು ಒಂದು ಉದ್ದನೆ ನೋಟ್‌ಬುಕ್ಕಿನ ಬೆಲೆ. ‘ಬ್ಯಾಚ್ 31. ಸೋಯಾ ಮೇಣ, ಎರಡನೇ ಚೀಲ. ಹತ್ತಿ ಬತ್ತಿ, ಹಳೆ ಉಂಡೆ. ಮಲ್ಲಿಗೆ ಎಣ್ಣೆ ನೂರಕ್ಕೆ ಆರು. ಗಾಜು, ಹೊಸ ಪೆಟ್ಟಿಗೆ. ಒಟ್ಟು 48.’ ಇಷ್ಟು ಸಾಕು. ಅದೇ 31 ಲೋಟದ ತಳದಲ್ಲೂ ಇರಬೇಕು. ಗಾಜಿನ ಆ ಪೆಟ್ಟಿಗೆಯೇ ಕೆಟ್ಟದ್ದು ಎಂದು ನಾಳೆ ತಿಳಿದರೆ ಕರೆಯಬೇಕಾದದ್ದು 48 ಮಾತ್ರ. ನಂಬರಿಲ್ಲದಿದ್ದರೆ ಇಡೀ ವರ್ಷದ ಮಾಲು ಕರೆಯಬೇಕು, ಇಲ್ಲವೇ ಬಾಯಿ ಮುಚ್ಚಿ ಕೂರಬೇಕು. ಬಹಳ ಮಂದಿ ಎರಡನೆಯದನ್ನೇ ಮಾಡುತ್ತಾರೆ, ಕೆಟ್ಟವರೆಂದಲ್ಲ, ದಾರಿ ಕಾಣದೆ.

ಸಂತೆಯ ಸ್ಟಾಲಿನಲ್ಲಿ ಕೊಂಡವರ ವಿಳಾಸ ಯಾರು ಕೇಳುತ್ತಾರೆ? ಆದರೆ ಯುಪಿಐಯಲ್ಲಿ ದುಡ್ಡು ಕೊಟ್ಟವರ ಹೆಸರು, ತಾರೀಖು ಫೋನಿನಲ್ಲಿ ಉಳಿದಿರುತ್ತದೆ. ರಿಟರ್ನ್ ಗಿಫ್ಟ್‌ಗೆಂದು ಒಟ್ಟಿಗೆ ಐವತ್ತು ಒಯ್ದವರ ನಂಬರಂತೂ ಇದ್ದೇ ಇರುತ್ತದೆ. ನಗದು ಕೊಟ್ಟವರಿಗೆ ಲೇಬಲ್ ಮೇಲಿನ ನಿಮ್ಮ ಫೋನ್ ನಂಬರೇ ಗತಿ.

ಪ್ರತಿ ಬ್ಯಾಚಿನಲ್ಲೂ ಒಂದನ್ನು ಮಾರದೆ, ಬಿಸಿಲು ತಾಗದ ಕಪಾಟಿನಲ್ಲಿ ಎತ್ತಿಡಿ. ದೂರು ಬಂದ ದಿನ ಅದನ್ನು ಸ್ಟೀಲ್ ತಟ್ಟೆಯ ಮೇಲಿಟ್ಟು, ಮುಚ್ಚಳ ಕೈಯಳತೆಯಲ್ಲಿಟ್ಟುಕೊಂಡು, ಆ ಕೊನೆಯ ಗಂಟೆಯವರೆಗೆ ನೀವೇ ಉರಿಸಿ ನೋಡಬಹುದು.