ಕಟ್ಟದೆ ಉಳಿದ ಊರಿನ ದೀಪಗಳು

ಹತ್ತುವವರಿಗಾಗಿ ಈ ಗಾಡಿ ನಿಲ್ಲುವುದಿಲ್ಲ. ಹತ್ತುವ ಕಟ್ಟೆಯೇ ಗಾಡಿಯ ಜೊತೆಜೊತೆಗೆ ತಿರುಗುತ್ತಿರುತ್ತದೆ. ಹೆಜ್ಜೆ ಎತ್ತಿಟ್ಟರೆ ಸಾಕು, ಸೀಟು ಸಿಕ್ಕಿತು. ಹೊಗೆಯಿಲ್ಲ, ಎಂಜಿನ್ನಿನ ಗುಡುಗಿಲ್ಲ. ಫ್ಲಾರಿಡಾದ ಒರ್ಲಾಂಡೊ ಬಳಿ ಇರುವ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ, ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ಟುಮಾರೋಲ್ಯಾಂಡ್‌ನಲ್ಲಿ, ಮಹಡಿಯೆತ್ತರದ ಹಳಿಯ ಮೇಲೆ ಪೀಪಲ್‌ಮೂವರ್ ಹೀಗೆ ಸದ್ದಿಲ್ಲದೆ ಸಾಗುತ್ತಿರುತ್ತದೆ. ಕೆಳಗೆ ಜನಜಂಗುಳಿ, ಸುಡುವ ಬಿಸಿಲು, ಮಕ್ಕಳ ಕೇಕೆ. ಅಷ್ಟರಲ್ಲಿ ಗಾಡಿ ಒಂದು ಕಟ್ಟಡದ ಒಳಹೊಗುತ್ತದೆ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಬರೀ ಕತ್ತಲೆ. ಆಮೇಲೆ, ಗಾಜಿನ ಆಚೆ, ಒಂದೊಂದಾಗಿ ದೀಪಗಳು.

ಅಲ್ಲೊಂದು ಊರಿದೆ. ನಡುವೆ ಎತ್ತರದ ಗೋಪುರದಂಥ ಹೋಟೆಲು. ಅದರ ಕಾಲಬುಡದಲ್ಲಿ ಒತ್ತೊತ್ತಾಗಿ ನಿಂತ ಕಟ್ಟಡಗಳು. ಅವುಗಳ ಪುಟ್ಟ ಕಿಟಕಿಗಳಲ್ಲಿ ಹಳದಿ ಬೆಳಕು, ಬೀದಿಗಳ ಅಂಚಿಗೆ ಮರಗಳ ಸಾಲು. ಬೆಟ್ಟದ ಮೇಲೆ ನಿಂತು ರಾತ್ರಿಯ ಪಟ್ಟಣವನ್ನು ನೋಡಿದ ಹಾಗೆ. ಯಾವ ಮನೆಯಲ್ಲಿ ಯಾರಿದ್ದಾರೋ, ಯಾರು ಇನ್ನೂ ಊಟಕ್ಕೆ ಕೂತಿಲ್ಲವೋ ಎಂದು ಮನಸ್ಸು ಊಹಿಸಲು ತೊಡಗುವಷ್ಟರಲ್ಲಿ ಗಾಡಿ ಮುಂದೆ ಸರಿದಿರುತ್ತದೆ. ಗಾಜು ಮುಗಿಯಿತು, ಊರು ಮುಗಿಯಿತು. ಮತ್ತೆ ಬಿಸಿಲು, ಮತ್ತೆ ಕೇಕೆ. ಸುಮಾರು ಹತ್ತು ನಿಮಿಷದ ಸವಾರಿಯಲ್ಲಿ ಆ ಊರಿಗೆ ದಕ್ಕುವುದು ಕೆಲವೇ ಕ್ಷಣ. ಪಕ್ಕದಲ್ಲಿ ಕೂತವರೊಡನೆ ಮಾತಿಗಿಳಿದಿದ್ದರೆ ಅದೂ ಇಲ್ಲ.

ಕಣ್ತಪ್ಪಿಹೋದ ಆ ಊರಿನ ಹೆಸರು ಪ್ರೋಗ್ರೆಸ್ ಸಿಟಿ. ವಾಲ್ಟ್ ಡಿಸ್ನಿ ಕಟ್ಟಬೇಕೆಂದು ಹೊರಟು, ಕಟ್ಟಲಾಗದೆ ಬಿಟ್ಟುಹೋದ ನಗರದ ಮಾದರಿ ಅದು.

1966ರ ಅಕ್ಟೋಬರ್ 27ರಂದು ಡಿಸ್ನಿ ಕ್ಯಾಮರಾದ ಎದುರು ನಿಂತು ತನ್ನ ಕನಸನ್ನು ವಿವರಿಸಿದ್ದ. ಬೆನ್ನಿಗೆ ಫ್ಲಾರಿಡಾದ ದೊಡ್ಡ ನಕ್ಷೆ. ಆ ಹೊತ್ತಿಗೆ ಕಂಪನಿ ಅಲ್ಲಿ 27,000 ಎಕರೆಗೂ ಹೆಚ್ಚು ಜಾಗ ಕೊಂಡಿತ್ತು. ಅದರ ನಡುವೆ 20,000 ಜನ ನಿಜವಾಗಿ ಬಾಳುವ ಒಂದು ಊರು ಏಳಬೇಕು, ಅದಕ್ಕೆ ಎಪ್ಕಾಟ್ ಎಂದು ಹೆಸರು. ನಡುಪೇಟೆಯ 50 ಎಕರೆ ಪೂರ್ತಿ ಒಂದೇ ಸೂರಿನ ಕೆಳಗೆ. ಮಳೆ, ಸೆಕೆ ಯಾವುದೂ ತಾಗದಂತೆ. ಅದರ ಸುತ್ತ ಅಪಾರ್ಟ್‌ಮೆಂಟುಗಳ ಬಳೆ. ಅದರಾಚೆ ಶಾಲೆ, ಚರ್ಚು, ಆಟದ ಬಯಲುಗಳ ಹಸಿರು ಪಟ್ಟಿ. ಕೊನೆಗೆ, ಹೂವಿನ ಎಸಳುಗಳಂತೆ ಹೊರಗೆ ಚಾಚಿದ ಮನೆಗಳ ಬಡಾವಣೆಗಳು. ಕಾರು, ಲಾರಿಗಳೆಲ್ಲ ನೆಲದಡಿಯ ಅಂತಸ್ತುಗಳಲ್ಲಿ. ಮೇಲೆ ನಡೆಯುವವರದೇ ರಾಜ್ಯ. ಮನೆಯಿಂದ ನಡುಪೇಟೆಗೆ ಕರೆತರಲು ಎಂದೂ ನಿಲ್ಲದ ಪೀಪಲ್‌ಮೂವರ್, ದೂರದ ಓಡಾಟಕ್ಕೆ ಮಾನೊರೈಲು.

ಈ ಯೋಚನೆ ಶೂನ್ಯದಿಂದ ಹುಟ್ಟಿದ್ದಲ್ಲ. ನಗರವನ್ನು ವರ್ತುಲಗಳಾಗಿ ಬಿಡಿಸಿ ನಡುನಡುವೆ ಹಸಿರನ್ನು ಉಳಿಸುವ ಮಾತನ್ನು ಇಂಗ್ಲೆಂಡಿನ ಎಬನೇಜರ್ ಹೋವರ್ಡ್ 1898ರಲ್ಲೇ ಬರೆದಿದ್ದ. ಅವನು ಅದಕ್ಕಿಟ್ಟ ಉದ್ಯಾನ ನಗರಿ ಎಂಬ ಹೆಸರು ನಮ್ಮ ಕಿವಿಗೂ ಹೊಸದಲ್ಲವಲ್ಲ! ಕಾರುಗಳ ಕೈಯಿಂದ ಪೇಟೆಯನ್ನು ಬಿಡಿಸಬೇಕೆಂದು 1960ರ ದಶಕದಲ್ಲಿ ವಾದಿಸುತ್ತಿದ್ದವನು ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್. ಇಂಥವರ ವಿಚಾರಗಳಿಗೆ ಮಾರ್ವಿನ್ ಡೇವಿಸ್‌ನಂಥ ಸಂಗಡಿಗರ ನಕ್ಷೆಗಳು ಕೂಡಿಕೊಂಡವು. ಆದರೆ ಚಿತ್ರೀಕರಣ ಮುಗಿದು ಎರಡು ತಿಂಗಳೂ ತುಂಬಲಿಲ್ಲ. ಡಿಸೆಂಬರ್ 15ರಂದು ಡಿಸ್ನಿ ತೀರಿಕೊಂಡ. ಊರೂ ಅಲ್ಲಿಗೇ ನಿಂತಿತು. 1982ರಲ್ಲಿ ಎಪ್ಕಾಟ್ ಎಂಬ ಹೆಸರಿನಲ್ಲಿ ಬಾಗಿಲು ತೆರೆದದ್ದು ಇನ್ನೊಂದು ಪಾರ್ಕು. ಅಲ್ಲಿಗೆ ಬಂದವರೆಲ್ಲ ರಾತ್ರಿ ದೀಪ ಆರುವ ಮೊದಲೇ ಹೊರಡಬೇಕು. ಊರೆಂದರೆ ದೀಪ ಹಚ್ಚುವ ಹೊತ್ತಿಗೆ ಜನ ಮರಳುವ ಜಾಗ.

ಊರು ಏಳದಿದ್ದರೂ ಪ್ರೋಗ್ರೆಸ್ ಸಿಟಿ ಎಂಬ ಹೆಸರಿನಲ್ಲಿ ಅದರ ಮಾದರಿ ಎದ್ದಿತು. 1967ರ ಜುಲೈ 2ರಂದು ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡ್‌ನಲ್ಲಿ 'ಕ್ಯಾರಸೆಲ್ ಆಫ್ ಪ್ರೋಗ್ರೆಸ್' ಎಂಬ ತಿರುಗುವ ರಂಗಮಂದಿರ ತೆರೆಯಿತು. ಅದಕ್ಕೆ ಹಣ ಹಾಕಿದ್ದು ಜನರಲ್ ಎಲೆಕ್ಟ್ರಿಕ್ ಕಂಪನಿ. ಕೆಳಗೆ ಒಂದು ಕುಟುಂಬ ಕಾಲದಿಂದ ಕಾಲಕ್ಕೆ ಸಾಗುವ ನಾಟಕ. ಅದು ಮುಗಿದ ಮೇಲೆ ಪ್ರೇಕ್ಷಕರು ಚಲಿಸುವ ಇಳಿಜಾರಿನ ಮೇಲೆ ನಿಂತು ಮಹಡಿಗೆ ಏರುತ್ತಿದ್ದರು. ಅಲ್ಲಿ ಅವರ ಕಾಲಡಿಗೆ ಇಡೀ ನಗರ ಹರಡಿಕೊಂಡಿರುತ್ತಿತ್ತು.

ಉದ್ದ 115 ಅಡಿ, ಅಗಲ 60 ಅಡಿ. ಒಟ್ಟು 6,900 ಚದರಡಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅರವತ್ತಕ್ಕೆ ನಲವತ್ತರ ಸೈಟುಗಳು ಹೆಚ್ಚುಕಡಿಮೆ ಮೂರು. ನಿಜದ ಒಂದು ಅಡಿಗೆ ಇಲ್ಲಿ ಇಂಚಿನ ಎಂಟನೇ ಒಂದು ಪಾಲು. ಆರಡಿ ಆಳು ಮುಕ್ಕಾಲು ಇಂಚಿಗೆ ಇಳಿಯುತ್ತಾನೆ, ಹೆಬ್ಬೆರಳಿನ ಒಂದು ಗೆಣ್ಣಿಗೂ ಸಾಲದಷ್ಟು. ಈ ಅಳತೆಯಲ್ಲಿ ಒಳಗಿನಿಂದ ಬೆಳಗುವ ಸುಮಾರು 4,500 ಕಟ್ಟಡಗಳು, 1,400 ಬೀದಿದೀಪಗಳು, 20,000ಕ್ಕೂ ಹೆಚ್ಚು ಮರಗಿಡಗಳು. ಎರಡು ಸಾವಿರಕ್ಕೂ ಮಿಕ್ಕಿ ವಾಹನಗಳು ಚಲಿಸುತ್ತಿದ್ದವು, ಮಾನೊರೈಲು ಜಾರುತ್ತಿತ್ತು. ಊರಿನ ಮೂಲೆಯ ಪುಟ್ಟ ಮನರಂಜನಾ ಪಾರ್ಕಿನಲ್ಲಿ ಆಟದ ಚಕ್ರಗಳು ಸುತ್ತುತ್ತಿದ್ದವು. ಹಗಲು ಮಾಸಿ ಇರುಳಾಗುತ್ತ ಬಂದಂತೆ ಕಿಟಕಿಗಳು ಬೆಳಗುತ್ತಿದ್ದವು.

ಮನೆಯ ಗೊಂಬೆ ಹಬ್ಬದಲ್ಲಿ ಮೆಟ್ಟಿಲ ಮುಂದೆ ಮಣ್ಣು ಹರಡಿ, ರಾಗಿ ಚೆಲ್ಲಿ, ಪೈರು ಮೊಳೆತ ಮೇಲೆ ಅದರ ನಡುವೆ ಪಾರ್ಕು, ಕೆರೆ, ರಸ್ತೆ ಮಾಡಿ ಆಡಿದವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಸಣ್ಣದಾಗಿ ಮಾಡಿದ್ದನ್ನು ನೋಡಲು ಬಗ್ಗುತ್ತೇವೆ. ಬಗ್ಗಿದ ಮೇಲೆ ಅದರೊಳಗೆ ಹೋಗುತ್ತೇವೆ.

1973ರ ಸೆಪ್ಟೆಂಬರಿನಲ್ಲಿ ಡಿಸ್ನಿಲ್ಯಾಂಡ್‌ನ ಆ ಪ್ರದರ್ಶನ ನಿಂತಿತು. ರಂಗಮಂದಿರ ಫ್ಲಾರಿಡಾಕ್ಕೆ ವಲಸೆ ಹೋಗಿ 1975ರ ಜನವರಿಯಲ್ಲಿ ಮತ್ತೆ ಶುರುವಾಯಿತು. ಮಾದರಿ ಮಾತ್ರ ಇಡಿಯಾಗಿ ಹೋಗಲಿಲ್ಲ. ನಡುಪೇಟೆ ಮತ್ತು ಅದರ ಸುತ್ತಲಿನ ಒಂದಿಷ್ಟು ಭಾಗವನ್ನು ಬಿಡಿಸಿ ಒಯ್ದು, ಅದೇ ವರ್ಷ ಆರಂಭವಾದ ಪೀಪಲ್‌ಮೂವರಿನ ದಾರಿಯಲ್ಲಿ ಗಾಜಿನ ಹಿಂದೆ ಇಟ್ಟರು. ಇಂದು ನಮಗೆ ಕಾಣುವುದು ಆ ತುಂಡು.

ಅದರ ಮುಂದೆ ಹಾದುಹೋಗುವಾಗ ನಾವು ಕೂತಿರುವ ಗಾಡಿಯನ್ನೊಮ್ಮೆ ಗಮನಿಸಬೇಕು. ಆ ಊರಿನ ಜನ ದಿನಾ ಮನೆಯಿಂದ ಪೇಟೆಗೆ ಬರಲಿ ಎಂದು ನೆನೆದ ಗಾಡಿಯೇ ಇದು. ಹಳಿಯಲ್ಲಿ ಹುದುಗಿಸಿದ ವಿದ್ಯುತ್ ಮೋಟಾರುಗಳು ಕಾಂತಶಕ್ತಿಯಿಂದ ತಳ್ಳುತ್ತವೆ. ಗಾಡಿಯಲ್ಲಿ ಎಂಜಿನ್ನೇ ಇಲ್ಲ, ಕೆಡುವುದಕ್ಕೆ. ಇದೇ ಪದ್ಧತಿಯ ಗಾಡಿ 1981ರಿಂದ ಹ್ಯೂಸ್ಟನ್ ವಿಮಾನ ನಿಲ್ದಾಣದ ನೆಲಮಾಳಿಗೆಯಲ್ಲಿ ಪ್ರಯಾಣಿಕರನ್ನು ಸಾಗಿಸಿದೆ. ಹಾಗಾದರೆ ಕನಸಿನ ಒಂದು ಎಳೆ ನಿಜವಾಯಿತು. ಉಳಿದ ನೇಯ್ಗೆಯೆಲ್ಲ ಗಾಜಿನ ಹಿಂದೆ ಉಳಿಯಿತು. ಕಟ್ಟಿದ ಊರು ಹಾಳಾದರೆ ಕಲ್ಲಾದರೂ ಉಳಿಯುತ್ತದೆ, ಅಗೆದು ತೆಗೆಯಬಹುದು. ಕಟ್ಟದ ಊರಿಗೆ ಅಗೆಯುವ ನೆಲವಿಲ್ಲ. ನಕ್ಷೆ, ಚಿತ್ರ, ಚಲನಚಿತ್ರದ ಆಚೆಗೆ, ಅದು ಉದ್ದಗಲ ಎತ್ತರಗಳೊಡನೆ ನಿಂತಿರುವುದು ಈ ಮಾದರಿಯಲ್ಲಿ.

ಇಂಥದನ್ನು ಕಾಪಾಡುವುದು ಬೀಗ ಹಾಕಿದಷ್ಟು ಸುಲಭವಲ್ಲ. ಡಿಸ್ನಿ ಕಂಪನಿ 1970ರಲ್ಲೇ ತನ್ನದೊಂದು ದಾಖಲೆ ಭಂಡಾರ ತೆರೆಯಿತು. ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ತಣ್ಣನೆಯ ಕೋಣೆಯಲ್ಲಿ ಇಡಬಹುದು. ಆದರೆ ದೀಪ ಉರಿಯುವ ಊರನ್ನು ಪೆಟ್ಟಿಗೆಗೆ ತುಂಬಲಾಗದು. ಮಾದರಿಯ ಜೀವ ಬೆಳಕಿನಲ್ಲಿದೆ, ಅದರ ಹಗೆಯೂ ಬೆಳಕೇ. ಹಳೆಯ ಬಲ್ಬಿನ ಕಾವಿಗೆ ಪ್ಲಾಸ್ಟಿಕ್ಕು ಹಳದಿಯಾಗುತ್ತದೆ, ಪೆಡಸಾಗಿ ಬಿರಿಯುತ್ತದೆ. ಬಣ್ಣ ಮಾಸುತ್ತದೆ, ಅಂಟು ಬಿಟ್ಟುಕೊಳ್ಳುತ್ತದೆ. ಬೆರಳುಗಾತ್ರದ ಸೂರುಗಳ ಮೇಲೆ ದೂಳು ಕೂತರೆ ಬಟ್ಟೆಯಿಂದ ಒರೆಸುವ ಹಾಗಿಲ್ಲ, ಮೆತ್ತನೆಯ ಕುಂಚವೇ ಬೇಕು. ಕಾವು ಕಡಿಮೆಯಿರುವ ಎಲ್‌ಇಡಿ ಹಾಕಬಹುದು, ಆದರೆ ಅದರ ಬಿಳುಪು 1967ರ ಸಂಜೆಯ ಹಳದಿಯನ್ನು ಕೊಂದುಬಿಡಬಾರದು. ಮುರಿದ ಕಟ್ಟಡದ ಜಾಗಕ್ಕೆ ಹೊಸದನ್ನು ಇಟ್ಟರೆ, ಯಾವುದು ಹಳೆಯದು ಯಾವುದು ಹೊಸದು ಎಂಬುದನ್ನು ಬರೆದಿಡಬೇಕು. ಇಲ್ಲವಾದರೆ ರಿಪೇರಿಯೇ ನಿಧಾನವಾಗಿ ಮೂಲವನ್ನು ನುಂಗುತ್ತದೆ.

ಅಜಾಗರೂಕತೆಗೂ ಜಾಗರೂಕತೆಗೂ ನಿದರ್ಶನಗಳು ಆ ದೇಶದಲ್ಲೇ ಇವೆ. 1939ರ ನ್ಯೂಯಾರ್ಕ್ ವಿಶ್ವ ಮೇಳಕ್ಕಾಗಿ ಜನರಲ್ ಮೋಟರ್ಸ್ ಕಂಪನಿಗೆ ನಾರ್ಮನ್ ಬೆಲ್ ಗೆಡ್ಡೆಸ್ ಕಟ್ಟಿಕೊಟ್ಟ 'ಫ್ಯೂಚುರಾಮ' ಪ್ರೋಗ್ರೆಸ್ ಸಿಟಿಗಿಂತ ಎಷ್ಟೋ ಪಾಲು ದೊಡ್ಡದು. ಅದರಲ್ಲಿ ಐದು ಲಕ್ಷ ಪುಟಾಣಿ ಕಟ್ಟಡಗಳಿದ್ದವು. ಮೇಳ ಮುಗಿಯಿತು, ಅದನ್ನು ಕಳಚಿಹಾಕಿದರು. ಈಗ ಅದನ್ನು ಫೋಟೊಗಳಲ್ಲಿ, ಚಲನಚಿತ್ರಗಳಲ್ಲಿ ನೋಡಬೇಕಷ್ಟೆ. ಅದೇ ಬಯಲಿನಲ್ಲಿ 1964ರಲ್ಲಿ ಮತ್ತೊಂದು ಮೇಳ ನಡೆಯಿತು. ಕ್ಯಾರಸೆಲ್ ಆಫ್ ಪ್ರೋಗ್ರೆಸ್ ಮೊದಲು ತಿರುಗಿದ್ದೂ ಆ ಮೇಳದಲ್ಲೇ. ಅದಕ್ಕೆಂದು ಮಾಡಿದ ನ್ಯೂಯಾರ್ಕ್ ನಗರದ ಮಾದರಿ 'ಪನೋರಮಾ' ಇಂದಿಗೂ ಕ್ವೀನ್ಸ್ ಮ್ಯೂಸಿಯಮ್ಮಿನಲ್ಲಿದೆ. 9,335 ಚದರಡಿ, 8,95,000 ಕಟ್ಟಡಗಳು. 1992ರಲ್ಲಿ ಅದನ್ನು ತಿದ್ದಿ ಹೊಸಗೊಳಿಸಿದರು. 2009ರಿಂದ ಹಣ ಕೊಟ್ಟವರಿಗೆ ಮಾದರಿಯಲ್ಲಿನ ಒಂದು ಕಟ್ಟಡವನ್ನು 'ದತ್ತು' ಕೊಟ್ಟು, ಅದಕ್ಕೊಂದು ಹಕ್ಕುಪತ್ರವನ್ನೂ ಕೊಡುತ್ತ ಬಂದರು. ತಾನು ಹುಟ್ಟಿದ ಮನೆಯನ್ನು ಉಗುರಿನಷ್ಟು ಗಾತ್ರದಲ್ಲಿ ಗುರುತು ಹಿಡಿದವರು ಅದರ ಜೋಪಾನಕ್ಕೆ ಹೆಗಲು ಕೊಟ್ಟರು.

ಪ್ರೋಗ್ರೆಸ್ ಸಿಟಿಯಲ್ಲಿ ಯಾರೂ ಹುಟ್ಟಲಿಲ್ಲ. ಅದಕ್ಕೆ ಹೆಗಲು ಕೊಡುವವರು ಸುಲಭವಾಗಿ ಸಿಗುವುದಿಲ್ಲ. ಜೊತೆಗೆ, ಅದು ದೋಷವಿಲ್ಲದ ಊರೂ ಅಲ್ಲ. ಡಿಸ್ನಿಯ ಯೋಜನೆಯಲ್ಲಿ ನಿವಾಸಿಗಳು ಬಾಡಿಗೆದಾರರು ಮಾತ್ರ. ನೆಲದ ಒಡೆತನವಿಲ್ಲ, ಹಾಗಾಗಿ ಊರಿನ ಆಡಳಿತದಲ್ಲಿ ಮತದ ಬಲವೂ ಇಲ್ಲ. ಎಲ್ಲವನ್ನೂ ಕಂಪನಿಯೇ ತೀರ್ಮಾನಿಸುವ ಊರನ್ನು ನಾನು ಬಯಸಲಾರೆ. ಆದರೆ ನಡೆಯುವವರಿಗೆ ನೆಲ, ವಾಹನಗಳಿಗೆ ನೆಲದಡಿ, ಮನೆಯಿಂದ ನಾಲ್ಕು ಹೆಜ್ಜೆಗೆ ಹಸಿರು ಎಂದು ಒಬ್ಬ ಮನುಷ್ಯ ಇಷ್ಟು ವಿವರವಾಗಿ ಯೋಚಿಸಿದ್ದ ಎಂಬುದು, ಸಿಗ್ನಲ್ಲಿನಲ್ಲಿ ಮುಕ್ಕಾಲು ಗಂಟೆ ಕಾದು ಮನೆ ಸೇರುವ ನಮಗೆ ಸಣ್ಣ ಮಾತಲ್ಲ. ಅದರ ಗುಣವನ್ನೂ ದೋಷವನ್ನೂ ಒಟ್ಟಿಗೆ ಕಣ್ಣಾರೆ ನೋಡಿ ವಾದಿಸಬೇಕಾದರೆ ಮಾದರಿ ಕಣ್ಣ ಮುಂದಿರಬೇಕು.

ನಮ್ಮ ಮನೆಗಳಲ್ಲಿ ಪಟ್ಟದ ಗೊಂಬೆಯನ್ನು ತಾಯಿ ಮಗಳಿಗೆ ಕೊಡುತ್ತಾಳೆ. ಹಬ್ಬ ಮುಗಿದ ಮೇಲೆ ಹಳೆಯ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುತ್ತಾರೆ. ಮುಂದಿನ ವರ್ಷ ಮರೆಯದೆ ಹೊರಗೆ ತೆಗೆದು, ದೀಪ ಹಚ್ಚಿ, ನೆರೆಯವರನ್ನು ಕರೆದು ತೋರಿಸುತ್ತಾರೆ. ಜೋಪಾನ ಮಾಡುವುದು, ತೋರಿಸುವುದು ಎರಡೂ ಸೇರಿದರೇ ಗೊಂಬೆ ಮುಂದಿನ ತಲೆಮಾರಿಗೆ ಉಳಿಯುತ್ತದೆ. ಪ್ರೋಗ್ರೆಸ್ ಸಿಟಿಗೆ ಮೊದಲನೆಯದು ಅರೆಬರೆಯಾಗಿ ದಕ್ಕಿದೆ, ಎರಡನೆಯದು ಓಡುವ ಗಾಡಿಯ ಕಿಟಕಿಯಷ್ಟು. ಅದರ ಮುಂದೆ ಜನ ನಿಂತು ನೋಡುವಂಥ ಒಂದು ಜಾಗ ಬೇಕು. ಪಕ್ಕದಲ್ಲಿ ಮೂಲದ ನಕ್ಷೆ ಬೇಕು. ಸಂಜೆಯಾಗುತ್ತ ಕಿಟಕಿಗಳು ಒಂದೊಂದಾಗಿ ಬೆಳಗುವುದನ್ನು ಮಕ್ಕಳು ಮತ್ತೆ ನೋಡುವಂತಾಗಬೇಕು.

ಅದಾಗುವ ತನಕ, ಆ ಕಡೆ ಹೋಗುವ ಕನ್ನಡಿಗರಲ್ಲಿ ಒಂದು ಕೋರಿಕೆ. ಪೀಪಲ್‌ಮೂವರ್ ಕತ್ತಲೆಗೆ ಹೊಕ್ಕಾಗ ಫೋನನ್ನು ಕೆಳಗಿಡಿ, ಪಕ್ಕದಲ್ಲಿರುವ ಮಗುವಿನ ಹೆಗಲು ತಟ್ಟಿ ಗಾಜಿನ ಕಡೆಗೆ ಕೈ ತೋರಿಸಿ. ಯಾರೂ ವಾಸವಿರದ ಆ ಊರಿನ ದೀಪಗಳು ಉರಿಯುತ್ತಿರಬೇಕಾದರೆ ನೋಡುವ ಕಣ್ಣುಗಳು ಬೇಕು.