ಅರ್ಧ ಮಾಲು, ಪೂರ್ತಿ ರೇಟು! ರಾಕ್ಷಸನಿಗೆ ಬಣ್ಣ ಹಚ್ಚೋನು ಗಿರಾಕಿಯೇ

ಗಿರಾಕಿ ಅಂಗಡಿಗೆ ಬಂದು ಶರ್ಟು ಕೇಳಿದ ಅಂತಿಟ್ಟುಕೊಳ್ಳಿ. ಅಂಗಡಿಯವರು ಕತ್ತರಿಸಿದ ಬಿಳೀ ಬಟ್ಟೆಯ ತುಂಡುಗಳನ್ನು ಡಬ್ಬಿಗೆ ತುಂಬಿ ಕೊಟ್ಟು, ‘ಹೊಲಿಗೆ ನೀವೇ ಹಾಕ್ಕೊಳ್ಳಿ, ಬಣ್ಣಾನೂ ನೀವೇ ಹಚ್ಕೊಳ್ಳಿ. ಸೂಜಿ, ದಾರ, ಬಣ್ಣಕ್ಕೆ ಬೇರೆ ದುಡ್ಡು’ ಅಂದರೆ? ಆ ಗಿರಾಕಿ ಮತ್ತೆ ಆ ಅಂಗಡಿ ಕಡೆ ತಲೆ ಹಾಕಿ ಮಲಗ್ತಾನಾ?

ಆದರೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರಿನ ಕಂಪನಿಯೊಂದು ಇಂಥದೇ ವ್ಯಾಪಾರ ಮಾಡಿ, 2024ರ ಡಿಸೆಂಬರಿನಲ್ಲಿ ಲಂಡನ್ ಷೇರುಪೇಟೆಯ ನೂರು ದೊಡ್ಡ ಕಂಪನಿಗಳ ಸಾಲಿಗೆ ಸೇರಿತು. ಹೆಸರು ಗೇಮ್ಸ್ ವರ್ಕ್‌ಷಾಪ್. ಮಾಲು ಏನಪ್ಪಾ ಅಂದರೆ, ಮೇಜಿನ ಮೇಲೆ ಆಡುವ ಯುದ್ಧದಾಟದ ಗೊಂಬೆಗಳು! ಜಗತ್ತಿನಾದ್ಯಂತ 500ಕ್ಕೂ ಹೆಚ್ಚು ಸ್ವಂತ ಅಂಗಡಿ.

ರ್‍ಯಾಲೆ ಸೈಕಲ್ಲಿನ ಊರು

ನಾಟಿಂಗ್‌ಹ್ಯಾಮ್ ನಮಗೆ ತೀರಾ ಹೊಸ ಊರೇನಲ್ಲ. ಅಜ್ಜಂದಿರು ಒರೆಸಿ ಒರೆಸಿ ಇಟ್ಟುಕೊಳ್ಳುತ್ತಿದ್ದ ರ್‍ಯಾಲೆ ಸೈಕಲ್ಲಿನ ತವರು ಅದೇ. ಲೇಸು, ಸೈಕಲ್, ಸಿಗರೇಟು ಅಲ್ಲಿನ ದೊಡ್ಡ ಕಸುಬುಗಳಾಗಿದ್ದವು. ಲೇಸು ಮೊದಲೇ ಸೊರಗಿತ್ತು. 2002ರಲ್ಲಿ ಅಲ್ಲಿ ಸೈಕಲ್ ತಯಾರಿಕೆ ನಿಂತಿತು. 2016ರಲ್ಲಿ ಸಿಗರೇಟು ಕಾರ್ಖಾನೆಗೂ ಬೀಗ ಬಿತ್ತು. ಅಂಥ ಊರಿನಲ್ಲಿ ಉಳಿದು ಬೆಳೆದದ್ದು ಗೊಂಬೆ ಕಾರ್ಖಾನೆ!

1975ರಲ್ಲಿ ಲಂಡನ್ನಿನಲ್ಲಿ ಮೂವರು ಗೆಳೆಯರು ಮರದ ಆಟದ ಹಲಗೆ ಮಾಡಿ ಮಾರುತ್ತಾ ಶುರು ಮಾಡಿದ ಕಂಪನಿ ಇದು. 1983ರಲ್ಲಿ ‘ವಾರ್‌ಹ್ಯಾಮರ್’ ಎಂಬ ಆಟ ಬಂತು. ಆಗ ಗೊಂಬೆಗಳನ್ನು ಸೀಸ ಬೆರೆತ ಲೋಹದಲ್ಲಿ ಎರಕ ಹೊಯ್ಯುತ್ತಿದ್ದರು. ಲೋಹದ ದೊಡ್ಡ ರಾಕ್ಷಸನೆಂದರೆ ಕಲ್ಲುಗುಂಡಿನ ಭಾರ. ಅಂಟಿಸಿದ ರೆಕ್ಕೆ ಕಳಚಿ ಬೀಳುತ್ತಿತ್ತು. ಪ್ಲಾಸ್ಟಿಕ್ ಬಂದ ಮೇಲೆ ಗೇಣುದ್ದದ ಡ್ರ್ಯಾಗನ್ನುಗಳು ಸಲೀಸಾಗಿ ರೆಕ್ಕೆ ಬಿಚ್ಚಿದವು.

ಬಸ್ಸಿನ ಬಾಡಿಗೂ ಇದೇ ಕ್ರಮ

ಡಬ್ಬಿಯೊಳಗೆ ಇರೋದು ಬೂದುಬಣ್ಣದ ತುಂಡುಗಳು ಮಾತ್ರ. ಕತ್ತರಿಸಿ, ಅಚ್ಚಿನ ಗೆರೆಯನ್ನು ಚಾಕುವಿನಿಂದ ಕೆರೆದು, ಅಂಟಿಸಬೇಕು. ದೊಡ್ಡ ರಾಕ್ಷಸನಾದರೆ ಪೂರ್ತಿ ಅಂಟಿಸೋ ಹಾಗೂ ಇಲ್ಲ. ರೆಕ್ಕೆಯ ಹಿಂದೆ, ಹೊಟ್ಟೆಯ ಕೆಳಗೆ ಕುಂಚ ತೂರೋದಿಲ್ಲ. ಆದ್ದರಿಂದ ರೆಕ್ಕೆ ಬೇರೆ, ಮೈ ಬೇರೆ, ಮೇಲೆ ಕೂತ ಸವಾರ ಬೇರೆ. ಬಣ್ಣ ಹಚ್ಚಿ ಆಮೇಲೆ ಜೋಡಣೆ.

ಮೊದಲು ಪ್ರೈಮರ್. ಬಸ್ ಬಾಡಿ ಕಟ್ಟೋರನ್ನು ಕೇಳಿ ನೋಡಿ, ಪ್ರೈಮರ್ ಇಲ್ಲದೆ ಹೊಡೆದ ಬಣ್ಣ ಹಪ್ಪಳದ ಹಾಗೆ ಏಳುತ್ತೆ ಅಂತಾರೆ. ಇಲ್ಲೂ ಅಷ್ಟೇ. ತೇವದ ದಿನ ಸ್ಪ್ರೇ ಮಾಡಿದರೆ ಮೈಯೆಲ್ಲ ಮರಳು ಮರಳು. ಕೆಲವರು ಕಪ್ಪು ಹೊಡೆದು, ಮೇಲಿನಿಂದ ಮಾತ್ರ ಬಿಳಿ ಬೀಸ್ತಾರೆ. ಬೆಳಕು ಎಲ್ಲಿ ಬೀಳುತ್ತೆ, ನೆರಳು ಎಲ್ಲಿ ಕೂರುತ್ತೆ ಅಂತ ರಾಕ್ಷಸನೇ ತೋರಿಸಿಕೊಡ್ತಾನೆ.

ಆಮೇಲೆ ಮೂಲಬಣ್ಣ. ದಪ್ಪಗೆ ಒಂದೇ ಸಲ ಬಳಿದರೆ ಹುರುಪೆಗಳ ಗೆರೆಯೇ ಮುಚ್ಚಿಹೋಗುತ್ತೆ. ನೀರು ಬೆರೆಸಿದ ತೆಳುಬಣ್ಣ, ಎರಡು ಕೋಟು. ಅದರ ಮೇಲೆ ಕಷಾಯದಂಥ ಕಪ್ಪುನೀರು ಹರಿಸಿದರೆ ಸಂದುಗೊಂದುಗಳಿಗೆ ಇಳಿದು ನೆರಳಾಗುತ್ತೆ. ಕೊನೆಗೆ ಕುಂಚವನ್ನು ಬಟ್ಟೆಗೆ ಒರೆಸಿ, ಒಣಗಿದಂತಾದ ಮೇಲೆ ತಿಳಿಬಣ್ಣವನ್ನು ಉಬ್ಬುಗಳಿಗೆ ಸವರಬೇಕು. ಆಗ ಒಂದೊಂದು ಹುರುಪೆಯೂ ಎದ್ದು ಕಾಣುತ್ತೆ.

ದೊಡ್ಡ ಗೊಂಬೆಗೆ ದೊಡ್ಡ ಕುಂಚ ಹಿಡಿದರೆ ಆಯ್ತಲ್ಲ ಅಂತೀರಾ? ತೊಂದರೆ ಇರೋದೇ ಅಲ್ಲಿ. ಒಂದೂಕಾಲು ಇಂಚಿನ ಸಿಪಾಯಿಯ ಮೇಲೆ ತಪ್ಪು ಕಾಣೋದಿಲ್ಲ. ರಾಕ್ಷಸನ ಅಗಲ ರೆಕ್ಕೆಯ ಮೇಲೆ ಕುಂಚದ ಒಂದು ಗೆರೆ ಉಳಿದರೂ ಕಣ್ಣಿಗೆ ಹೊಡೆಯುತ್ತೆ. ಕಪ್ಪುನೀರು ನಿಂತ ಕಡೆ, ಕಾಫಿ ಲೋಟ ಇಟ್ಟ ಮೇಜಿನ ಹಾಗೆ, ಕಲೆ ಕಟ್ಟುತ್ತೆ. ಒಂದೇ ಬಣ್ಣ ಬಳಿದರಂತೂ ಜಾತ್ರೆಯ ಪ್ಲಾಸ್ಟಿಕ್ ಆಟಿಕೆಯೇ. ಬೆನ್ನು ಕಪ್ಪಾಗಿ, ಹೊಟ್ಟೆ ತಿಳಿಯಾಗಿ, ನಡುವೆ ಗೆರೆಯೇ ತಿಳಿಯದ ಹಾಗೆ ಬಣ್ಣ ಬದಲಾದರೆ ಮಾತ್ರ ಅವನಿಗೆ ತೂಕ. ಕೆಲವರು ಕಣ್ಣನ್ನು ಕೊನೆಗೆ ಉಳಿಸಿಕೊಳ್ತಾರೆ, ನಮ್ಮ ಶಿಲ್ಪಿಗಳು ಮೂರ್ತಿಗೆ ಕಡೆಗೆ ಕಣ್ಣು ತೆರೆಸುವ ಹಾಗೆ.

ನೂರಕ್ಕೆ ಹತ್ತು ಅಂಕ

ಇಷ್ಟೆಲ್ಲ ಯಾಕೆ? ಬೂದು ಗೊಂಬೆಯಲ್ಲೇ ಆಡಬಹುದಲ್ಲ? ಆಡಬಹುದು. ಆದರೆ ‘ವಾರ್‌ಹ್ಯಾಮರ್ 40,000’ರ ಪಂದ್ಯಗಳಿಗೆ 2020ರಲ್ಲಿ ಬಂದ ನಿಯಮದಲ್ಲಿ ಸೈನ್ಯಕ್ಕೆಲ್ಲ ಬಣ್ಣ ಹಚ್ಚಿದವನಿಗೆ ನೂರರಲ್ಲಿ ಹತ್ತು ಅಂಕ ಇಟ್ಟರು. ಬಣ್ಣಗಾರಿಕೆಗೇ ಅಂತ ‘ಗೋಲ್ಡನ್ ಡೀಮನ್’ ಎಂಬ ಸ್ಪರ್ಧೆ 1987ರಲ್ಲಿ ಶುರುವಾಯಿತು. ಗೆದ್ದವರಲ್ಲಿ ಗೆದ್ದವನಿಗೆ ನಿಜವಾದ ಕತ್ತಿ ಬಹುಮಾನ!

ಎಲ್ಲರ ಕಥೆ ಹೀಗೆ ಸುಖಾಂತವಲ್ಲ. ಡಬ್ಬಿ ಕೊಳ್ಳೋದು ಐದು ನಿಮಿಷದ ಕೆಲಸ, ಬಣ್ಣ ಹಚ್ಚೋದು ವಾರಗಟ್ಟಲೆ ಸಂಜೆಗಳ ಕೆಲಸ. ಕೊಂಡದ್ದು ಅಟ್ಟದ ಮೇಲೆ ಪೇರುತ್ತೆ. ಆಟಗಾರರು ಅದಕ್ಕೆ ತಾವೇ ಇಟ್ಟ ಹೆಸರು ‘ನಾಚಿಕೆಯ ರಾಶಿ’. ರೇಟು ಜಾಸ್ತಿ ಅಂತ ಗೊಣಗೋರೂ ಅವರೇ, ಹೊಸ ಡಬ್ಬಿಗೆ ಸಾಲು ನಿಲ್ಲೋರೂ ಅವರೇ.

ಯಾಕೆ ನಿಲ್ತಾರೆ? ಕಾರ್ಖಾನೆಯಿಂದ ಹೊರಬಿದ್ದ ಸಾವಿರ ರಾಕ್ಷಸರೂ ಒಂದೇ ಥರ. ಬಣ್ಣ ಹಚ್ಚಿದ ಮೇಲೆ ಒಬ್ಬನ ಹಾಗೆ ಇನ್ನೊಬ್ಬನಿಲ್ಲ. ಕಂಪನಿ ಮಾರೋದು ಪ್ಲಾಸ್ಟಿಕ್. ‘ಇದು ನಾನು ಮಾಡಿದ್ದು’ ಅನ್ನೋ ಮಾತನ್ನು ಗಿರಾಕಿ ತಾನೇ ದುಡಿದು ಸೇರಿಸ್ಕೊಳ್ತಾನೆ. ಮುಗಿಸಿ ಕೊಡದೇ ಇರೋದೇ ಇಲ್ಲಿ ವ್ಯಾಪಾರದ ಗುಟ್ಟು.

ಆಟಗಾರರಲ್ಲಿ ಇನ್ನೊಂದು ಮಾತಿದೆ: ಹೊಸದಾಗಿ ಬಣ್ಣ ಕಂಡ ರಾಕ್ಷಸ ಮೊದಲ ಆಟದಲ್ಲೇ ಸಾಯ್ತಾನಂತೆ. ತಿಂಗಳು ಕೂತು ಹಚ್ಚಿದ ಬಣ್ಣ, ದಾಳ ಎರಡು ಸಲ ಉರುಳುವಷ್ಟರಲ್ಲಿ ಮೇಜಿನಿಂದ ಹೊರಗೆ! ಯಜಮಾನ ಬೈಕೊಳ್ತಾನೆ. ಆದರೂ ಎರಡೂ ಕೈಲಿ ಎತ್ತಿ, ರೆಕ್ಕೆ ತಾಗದ ಹಾಗೆ ಪೆಟ್ಟಿಗೆಗೆ ಇಳಿಸ್ತಾನೆ.