ಅತಿಮಾನುಷ ಪ್ರಿಯಕರ: ಹದಿಹರೆಯದ ಪ್ರಣಯ ಕಾದಂಬರಿಗಳನ್ನು ಕುರಿತು ಓದುಗನೊಬ್ಬನ ವಿಚಾರಗಳು

1. ಪ್ರವೇಶ

ಹದಿಹರೆಯದ ಓದುಗರನ್ನು ಉದ್ದೇಶಿಸಿ ಇಂಗ್ಲಿಷಿನಲ್ಲಿ ರಚಿತವಾಗುತ್ತಿರುವ ಒಂದು ಬಗೆಯ ಕಥನಗಳನ್ನು ಪ್ರಸ್ತುತ ಲೇಖನದಲ್ಲಿ ‘ಅತಿಮಾನುಷ ಪ್ರಣಯ ಕಾದಂಬರಿ’ ಎಂದು ಕರೆಯಲಾಗಿದೆ. ಇವುಗಳ ನಾಯಕಿ ಸಾಮಾನ್ಯವಾಗಿ ಹದಿನಾರು, ಹದಿನೇಳರ ಹುಡುಗಿ; ನಾಯಕ ಮನುಷ್ಯನಂತೆ ಕಂಡರೂ ಮನುಷ್ಯನಲ್ಲ. ಅವನು ರಕ್ತ ಹೀರಿ ಬದುಕುವ, ಸಾವಿಲ್ಲದ ವ್ಯಾಂಪೈರ್ ಆಗಿರಬಹುದು. ತೋಳವಾಗಿ ರೂಪ ಬದಲಿಸುವವನಾಗಿರಬಹುದು. ಸ್ವರ್ಗದಿಂದ ಚ್ಯುತನಾದ ದೇವದೂತನೂ ಆಗಿರಬಹುದು. ಎಲ್. ಜೆ. ಸ್ಮಿತ್ ಅವರ ‘ದಿ ವ್ಯಾಂಪೈರ್ ಡೈರೀಸ್’ ಮಾಲೆ 1991ರಲ್ಲಿ ಆರಂಭವಾಯಿತು. ಆದರೆ ಈ ಪ್ರಕಾರಕ್ಕೆ ಜಗತ್ತಿನಾದ್ಯಂತ ಪ್ರಚಾರ ತಂದದ್ದು ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ (2005). ಅದರ ಮುಂದಿನ ಸಂಪುಟಗಳು 2006, 2007 ಮತ್ತು 2008ರಲ್ಲಿ ಹೊರಬಂದವು. ಮಾಲೆಯ 10 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ.

ದೆಹಲಿಗೆ ಹೊಂದಿಕೊಂಡಿರುವ ಹರಿಯಾಣದ ಕೈಗಾರಿಕಾ ನಗರ ಫರೀದಾಬಾದಿನಲ್ಲಿ ವಾಸಿಸುವ ಈ ಲೇಖಕನಿಗೆ, ಉದ್ಯೋಗನಿಮಿತ್ತ ಅಲ್ಲಿ ನೆಲೆಸಿರುವ ಕೆಲವು ಕನ್ನಡ ಕುಟುಂಬಗಳ ಹೆಣ್ಣುಮಕ್ಕಳ ಕೈಯಲ್ಲಿ ಈ ಪುಸ್ತಕಗಳು ಕಾಣಸಿಕ್ಕಿವೆ. ಈ ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ, ಶಾಲೆಯಲ್ಲಿ ಹಿಂದಿ ಮತ್ತು ಇಂಗ್ಲಿಷ್ ಕಲಿಯುತ್ತಾರೆ. ಕನ್ನಡ ಲಿಪಿಯ ಪರಿಚಯ ಹಲವರಿಗೆ ಇಲ್ಲ. ‘ಕನ್ನಡದಲ್ಲಿ ಇಂಥದ್ದು ಇದೆಯೇ?’ ಎಂಬುದು ಅವರ ಸಹಜವಾದ ಪ್ರಶ್ನೆ. ಇದೆ ಎಂಬುದು ಉತ್ತರ. ಆದರೆ ಅದು ಬೇರೊಂದು ರೀತಿಯಲ್ಲಿ ಇದೆ. ಆ ವ್ಯತ್ಯಾಸವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

2. ಕಾದಂಬರಿಗಳ ಸತ್ವ ಮತ್ತು ಮಿತಿ

ಈ ಕೃತಿಗಳನ್ನು ಕೇವಲ ಅಗ್ಗದ ಮನರಂಜನೆಯೆಂದು ತಳ್ಳಿಹಾಕುವುದು ಸರಿಯಲ್ಲ. ಹರೆಯಕ್ಕೆ ಕಾಲಿಡುತ್ತಿರುವ ಹುಡುಗಿಗೆ ತನ್ನ ದೇಹ, ಎದುರಿನ ಗಂಡು, ಇಬ್ಬರ ನಡುವಣ ಆಕರ್ಷಣೆ ಎಲ್ಲವೂ ಅಪರಿಚಿತವೂ ಭಯಾನಕವೂ ಆಗಿ ತೋರುತ್ತವೆ. ಆ ಭಯಕ್ಕೆ ಇವು ಒಂದು ಆಕಾರ ಕೊಡುತ್ತವೆ. ಪ್ರಿಯಕರನಿಗೆ ಕೋರೆಹಲ್ಲುಗಳಿವೆ ಎಂದೊಡನೆ, ಹೆಸರಿಡಲಾಗದಿದ್ದ ಅಳುಕಿಗೆ ಒಂದು ಹೆಸರು ದೊರೆಯುತ್ತದೆ. ಮಿಗಿಲಾಗಿ, ಇಲ್ಲಿ ಬಯಸುವವಳು ಹುಡುಗಿ. ಕಥೆಯನ್ನು ಹೇಳುವವಳೂ ಬಹುಪಾಲು ಅವಳೇ. ಹೆಣ್ಣಿನ ಬಯಕೆಯ ಬಗ್ಗೆ ಮೌನ ವಹಿಸುವ ಮನೆಗಳಲ್ಲಿ ಇದು ಅಲ್ಪ ಸಂಗತಿಯಲ್ಲ.

ಮಿತಿ ಇರುವುದು ಬೇರೆಡೆ. ‘ಟ್ವೈಲೈಟ್’ನ ಎಡ್ವರ್ಡ್, ಬೆಲ್ಲಾಳಿಗೆ ತಿಳಿಯದಂತೆ ರಾತ್ರಿ ಅವಳ ಕೋಣೆಗೆ ಬಂದು ಅವಳು ನಿದ್ರಿಸುವುದನ್ನು ನೋಡುತ್ತಿರುತ್ತಾನೆ, ಅದನ್ನು ತಿಳಿದ ಅವಳು ಹಿಗ್ಗುತ್ತಾಳೆ. ಮೂರನೆಯ ಸಂಪುಟವಾದ ‘ಎಕ್ಲಿಪ್ಸ್’ನಲ್ಲಿ, ಅವಳು ಇನ್ನೊಬ್ಬ ಗೆಳೆಯನನ್ನು ಕಾಣಲು ಹೋಗದಂತೆ ಅವಳ ವಾಹನದ ಎಂಜಿನ್ನಿನ ಭಾಗವನ್ನೇ ಕಳಚಿಡುತ್ತಾನೆ. ಕಾವಲು ಇಲ್ಲಿ ಪ್ರೇಮದ ಲಕ್ಷಣವಾಗಿದೆ. ಅವನ ಬಲ, ಆಯುಸ್ಸು, ಐಶ್ವರ್ಯ, ಅನುಭವ ಎಲ್ಲವೂ ಅವಳದಕ್ಕಿಂತ ಹೆಚ್ಚು. ಅವನು ತನ್ನನ್ನು ಹಿಡಿದಿಟ್ಟುಕೊಳ್ಳುವುದೇ ಅವನ ಸದ್ಗುಣ, ಅವಳು ನಂಬುವುದೇ ಅವಳ ಸದ್ಗುಣ. ಕೊನೆಗೆ ಸಮಾನತೆ ದೊರೆಯುವುದು ಅವಳೂ ಮನುಷ್ಯತ್ವವನ್ನು ತೊರೆದು ಅವನ ಕುಲಕ್ಕೆ ಸೇರಿದಾಗ.

ಜಾನಪದ ಅಧ್ಯಯನದ ದೃಷ್ಟಿಯಿಂದ ಇದು ಹೊಸ ವಿನ್ಯಾಸವೇನೂ ಅಲ್ಲ. ಆರ್ನೆ–ಥಾಂಪ್ಸನ್ ವರ್ಗೀಕರಣದ 425ಸಿ ವರ್ಗಕ್ಕೆ ಸೇರಿದ ‘ಸುಂದರಿ ಮತ್ತು ಮೃಗ’ ಕಥೆಯಲ್ಲಿಯೂ ಹೆಣ್ಣಿನ ಪ್ರೀತಿಯಿಂದ ಮೃಗವು ಸೌಮ್ಯವಾಗುತ್ತದೆ. ಕಾದಂಬರಿಗಳು ಅದೇ ಕಥೆಯನ್ನು ಪ್ರೌಢಶಾಲೆಯ ಆವರಣಕ್ಕೆ ತಂದಿವೆ. ಕನ್ನಡದ ಕಥೆಗಳು ಈ ದಾರಿ ಹಿಡಿಯುವುದಿಲ್ಲವೆಂಬುದು ಗಮನಾರ್ಹ.

3. ನಾಗಪ್ರಿಯಕರ

ಎ. ಕೆ. ರಾಮಾನುಜನ್ (1929–1993) ಸಂಗ್ರಹಿಸಿದ ಕನ್ನಡ ಜನಪದ ಕಥೆಗಳಲ್ಲಿ ಸರ್ಪವೊಂದು ಗಂಡನ ರೂಪ ತಾಳಿ ಹೆಣ್ಣೊಬ್ಬಳ ಬಳಿ ಬರುವ ಕಥೆಯೂ ಒಂದು. ಗಿರೀಶ ಕಾರ್ನಾಡರ ‘ನಾಗಮಂಡಲ’ (1988) ನಾಟಕಕ್ಕೆ ಇದೇ ಆಧಾರ. ಟಿ. ಎಸ್. ನಾಗಾಭರಣರ ನಿರ್ದೇಶನದಲ್ಲಿ 1997ರಲ್ಲಿ ಇದು ಚಲನಚಿತ್ರವಾಯಿತು. ಚಂದ್ರಶೇಖರ ಕಂಬಾರರ ‘ಸಿರಿಸಂಪಿಗೆ’ಯಲ್ಲಿಯೂ ರಾಜಕುಮಾರನು ಎರಡು ಭಾಗವಾಗಿ, ಒಂದು ಭಾಗ ಸರ್ಪವಾಗುತ್ತದೆ, ಆ ಕೃತಿಗೆ 1991ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿದೆ.

‘ನಾಗಮಂಡಲ’ದ ರಾಣಿಯೂ ಹರೆಯದ ಹುಡುಗಿಯೇ. ಗಂಡ ಅಪ್ಪಣ್ಣ ಅವಳನ್ನು ಮನೆಯಲ್ಲಿ ಕೂಡಿ ಬೀಗ ಹಾಕಿ ಬೇರೊಬ್ಬಳ ಬಳಿ ಹೋಗುತ್ತಾನೆ. ಕುರುಡವ್ವ ಕೊಟ್ಟ ವಶೀಕರಣದ ಬೇರನ್ನು ರಾಣಿ ಅರೆದು ಸಾರಿಗೆ ಬೆರೆಸಿದಾಗ ಅದು ರಕ್ತದಂತೆ ಕೆಂಪಾಗುತ್ತದೆ. ಹೆದರಿದ ಅವಳು ಅದನ್ನು ಹುತ್ತದೊಳಗೆ ಚೆಲ್ಲುತ್ತಾಳೆ. ಅದನ್ನು ಕುಡಿದ ನಾಗ ಅವಳಲ್ಲಿ ಅನುರಕ್ತವಾಗಿ ಇರುಳು ಗಂಡನ ವೇಷದಲ್ಲಿ ಬರುತ್ತದೆ. ಹಗಲಿನ ಗಂಡ ಕಠೋರ. ಇರುಳಿನ ಗಂಡ ಮೃದು. ಪ್ರಶ್ನೆ ಕೇಳಬಾರದೆಂಬುದು ಇರುಳಿನವನ ನಿಯಮ.

ಇಲ್ಲಿಯೂ ನಾಗ ನಡೆಸುವುದು ವಂಚನೆಯೇ. ರಾಣಿಯ ಸಮ್ಮತಿ ಗಂಡನೆಂದು ತಿಳಿದು ಕೊಟ್ಟ ಸಮ್ಮತಿ. ಈ ಅಂಶದಲ್ಲಿ ನಮ್ಮ ಕಥೆಯನ್ನು ಎಡ್ವರ್ಡನ ಕಥೆಗಿಂತ ಮೇಲೆಂದು ಹೊಗಳಲು ಕಾರಣವಿಲ್ಲ. ಆದರೆ ಕಥೆ ಈ ವಂಚನೆಯನ್ನು ಮುಚ್ಚಿಡುವುದಿಲ್ಲ. ಊರ ಹಿರಿಯರ ಮುಂದೆ ತಂದು ನಿಲ್ಲಿಸುತ್ತದೆ. ಗರ್ಭಿಣಿಯಾದ ರಾಣಿ ಹುತ್ತದ ನಾಗವನ್ನು ಕೈಯಲ್ಲಿ ಹಿಡಿದು, ತನ್ನ ಗಂಡನನ್ನೂ ಈ ನಾಗವನ್ನೂ ಬಿಟ್ಟು ಬೇರಾವ ಗಂಡನ್ನೂ ಮುಟ್ಟಿಲ್ಲವೆಂದು ಪ್ರಮಾಣ ಮಾಡುತ್ತಾಳೆ. ಆ ಮಾತು ಅಕ್ಷರಶಃ ಸತ್ಯ. ನಾಗ ಅವಳ ಮೇಲೆ ಹೆಡೆ ಬಿಚ್ಚುತ್ತದೆ. ದಂಡಿಸಲು ನೆರೆದ ಊರು ಅವಳನ್ನು ದೇವತೆಯೆನ್ನುತ್ತದೆ.

ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ನಾಗ ಶಾಶ್ವತವಾಗಿ ಮನುಷ್ಯನಾಗುವುದಿಲ್ಲ, ರಾಣಿಯೂ ನಾಗಿಣಿಯಾಗುವುದಿಲ್ಲ. ನಾಟಕದ ಒಂದು ಅಂತ್ಯದಲ್ಲಿ ನಾಗ ಸಾಯುತ್ತದೆ. ಇನ್ನೊಂದರಲ್ಲಿ ಅವಳ ಕೇಶರಾಶಿಯಲ್ಲಿ ಅಡಗಿ ಉಳಿಯುತ್ತದೆ. ಮೃಗವನ್ನು ಪಳಗಿಸುವ ಭಾರ ಹೆಣ್ಣಿನ ಮೇಲೆ ಬೀಳುವುದಿಲ್ಲ. ಎರಡನೆಯದಾಗಿ, ಇಂಗ್ಲಿಷ್ ಕಾದಂಬರಿ ‘ಅವನು ನನ್ನನ್ನು ಪ್ರೀತಿಸುವನೇ?’ ಎಂದು ಕೇಳಿದರೆ, ಕನ್ನಡದ ಕಥೆ ‘ಈ ಹೆಣ್ಣಿನ ಪ್ರೀತಿಯನ್ನು ತೂಗಿ ನೋಡುವ ಅಧಿಕಾರ ಯಾರದು?’ ಎಂದು ಕೇಳುತ್ತದೆ. ಅತಿಮಾನುಷ ಪ್ರಿಯಕರ ಇಲ್ಲಿ ದಾಂಪತ್ಯದ ಎರಡು ಮುಖಗಳನ್ನು ಬಿಡಿಸಿ ತೋರಿಸುವ ಸಾಧನ.

4. ಹೂ ಬಿಡುವ ಹುಡುಗಿ

ರಾಮಾನುಜನ್ ಅವರ ಮರಣಾನಂತರ 1997ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಸಂಕಲನಕ್ಕೆ ಹೆಸರು ಕೊಟ್ಟದ್ದೂ ಒಂದು ಕನ್ನಡ ಕಥೆ. ಕಾರ್ನಾಡರು ಇದನ್ನು ‘ಚೆಲುವಿ’ (1992) ಎಂಬ ಹಿಂದಿ ಚಿತ್ರವಾಗಿಸಿದರು. ಅಮೆರಿಕದ ಸಂಗೀತ ರಚನಕಾರ ಜಾನ್ ಆಡಮ್ಸ್ ಇದನ್ನಾಧರಿಸಿ ರಚಿಸಿದ ಗೀತನಾಟಕ 2006ರಲ್ಲಿ ವಿಯೆನ್ನಾದಲ್ಲಿ ಪ್ರದರ್ಶಿತವಾಯಿತು. ಇಲ್ಲಿ ಅತಿಮಾನುಷ ಶಕ್ತಿ ಇರುವುದು ಹುಡುಗಿಗೆ. ಒಂದು ಕೊಡ ನೀರು ಸುರಿದರೆ ಅವಳು ಹೂವಿನ ಮರವಾಗುತ್ತಾಳೆ. ಇನ್ನೊಂದು ಕೊಡ ಸುರಿದರೆ ಮತ್ತೆ ಮನುಷ್ಯಳಾಗುತ್ತಾಳೆ. ರೆಂಬೆ ಮುರಿಯಬಾರದು, ಎಲೆ ಹರಿಯಬಾರದು, ಹೂವನ್ನು ಮಾತ್ರ ನಯವಾಗಿ ಬಿಡಿಸಬೇಕು ಎಂದು ಅವಳೇ ಮೊದಲು ತಿಳಿಸುತ್ತಾಳೆ.

ತಾಯಿಯ ಬಡತನ ನೀಗಲು ಆರಂಭವಾದ ಈ ವಿದ್ಯೆ, ಮದುವೆಯ ನಂತರ ರಾಜಕುಮಾರನ ಹಟಕ್ಕೆ ಶಯನಗೃಹದ ವಿನೋದವಾಗುತ್ತದೆ. ಆಮೇಲೆ ನಾದಿನಿಯೂ ಅವಳ ಗೆಳತಿಯರೂ ಬಲವಂತಪಡಿಸಿ, ಮರದ ರೆಂಬೆಗಳನ್ನು ಮನಬಂದಂತೆ ಕಿತ್ತು, ನೀರನ್ನು ಅಜಾಗರೂಕತೆಯಿಂದ ಸುರಿದು ಹೊರಟುಹೋಗುತ್ತಾರೆ. ಹುಡುಗಿ ಕೈಕಾಲಿಲ್ಲದ ಮುಂಡವಾಗಿ ಉಳಿಯುತ್ತಾಳೆ. ಕಡೆಗೆ ಗಂಡ ಅವಳನ್ನು ಗುರುತಿಸಿ, ಅವಳು ಹೇಳಿಕೊಟ್ಟಂತೆ ಮುರಿದ ರೆಂಬೆಗಳನ್ನು ಜೋಡಿಸಿ ನೀರೆರೆದಾಗ ಮಾತ್ರ ಅವಳು ಪೂರ್ಣಳಾಗುತ್ತಾಳೆ.

ಹದಿಹರೆಯದವರಿಗೆ ಹೇಳಬೇಕಾದ ಪ್ರೇಮಕಥೆ ಇದಕ್ಕಿಂತ ಮಿಗಿಲಾದದ್ದು ಯಾವುದಿದೆ? ತನ್ನನ್ನು ಹೇಗೆ ಮುಟ್ಟಬೇಕೆಂದು ಹುಡುಗಿ ಹೇಳುತ್ತಾಳೆ, ಕೇಳದವರಿಂದ ಮುರಿಯುತ್ತಾಳೆ, ಕೇಳಿದವನಿಂದ ಕೂಡಿಕೊಳ್ಳುತ್ತಾಳೆ. ಹಟ ಹಿಡಿದವನೇ ಕಡೆಗೆ ಕೇಳುವುದನ್ನು ಕಲಿಯುವುದು ಕಥೆಯ ತಿರುಳು.

5. ಜನಪ್ರಿಯ ಕಥನ ಮತ್ತು ಭಕ್ತಿಯ ನೆಲೆ

ಕನ್ನಡದ ಜನಪ್ರಿಯ ಕಥನವೆಲ್ಲ ಈ ಎತ್ತರದಲ್ಲಿಲ್ಲ. ‘ನಾ ನಿನ್ನ ಬಿಡಲಾರೆ’ (1979) ಚಲನಚಿತ್ರದಲ್ಲಿ ಗಂಡನ್ನು ಬಯಸಿದ ಹೆಣ್ಣಿನ ಪ್ರೇತ ಸಂಸಾರಕ್ಕೆ ಒದಗಿದ ಕಂಟಕ. ಅದನ್ನು ಬಿಡಿಸುವುದೇ ಕಥೆಯ ಗುರಿ. ಅತಿಮಾನುಷ ಗಂಡು ಬಯಸಿದರೆ ಪ್ರಣಯ, ಅತಿಮಾನುಷ ಹೆಣ್ಣು ಬಯಸಿದರೆ ಪೀಡೆ ಎಂಬ ಈ ಅಸಮತೆ ಪರಿಶೀಲನಾರ್ಹ.

ಸಾವಿಲ್ಲದ ಪ್ರಿಯಕರನ ಕಲ್ಪನೆ ಕನ್ನಡಕ್ಕೆ ಹನ್ನೆರಡನೆಯ ಶತಮಾನದಿಂದಲೂ ಪರಿಚಿತ. ಸಾಯುವ, ಅಳಿಯುವ ಗಂಡರನ್ನು ನಿರಾಕರಿಸಿ ಚೆನ್ನಮಲ್ಲಿಕಾರ್ಜುನನನ್ನು ವರಿಸಿದ ಅಕ್ಕಮಹಾದೇವಿಯ ಆಯ್ಕೆ ಭಕ್ತಿಯ ನೆಲೆಯದು. ಕಾದಂಬರಿಯ ಪ್ರಣಯದೊಡನೆ ಅದನ್ನು ಸಮೀಕರಿಸುವುದು ಅನುಚಿತ. ಆದರೂ ಒಂದು ಹೋಲಿಕೆ ಉಪಯುಕ್ತ. ಬೆಲ್ಲಾ ಅಮರನನ್ನು ಸೇರಿ ಸುರಕ್ಷಿತವಾದ ಸಂಸಾರವೊಂದನ್ನು ಪಡೆಯುತ್ತಾಳೆ. ಅಕ್ಕ ಅಮರನನ್ನು ಅರಸಿ ಅರಮನೆಯನ್ನೂ ಆಶ್ರಯವನ್ನೂ ಬಿಟ್ಟು ನಡೆಯುತ್ತಾಳೆ.

6. ಸಂಶೋಧಕರ ಮುಂದಿರುವ ಕೆಲಸ

ಮೇಲಿನ ಚರ್ಚೆಯಿಂದ, ಕನ್ನಡದಲ್ಲಿ ವಸ್ತುವಿನ ಕೊರತೆ ಇಲ್ಲವೆಂಬುದು ಸ್ಪಷ್ಟ. ಕೊರತೆ ಇರುವುದು ವಯೋಮಾನಕ್ಕೆ ತಕ್ಕ ರೂಪದಲ್ಲಿ. ನಾಗಮಂಡಲ ರಂಗಭೂಮಿಯ, ಪಠ್ಯಪುಸ್ತಕದ ವಸ್ತುವಾಗಿದೆ. ಹೂ ಬಿಡುವ ಹುಡುಗಿ ಇಂಗ್ಲಿಷ್ ಸಂಕಲನದಲ್ಲಿ ವಿದ್ವಾಂಸರ ವಸ್ತುವಾಗಿದ್ದಾಳೆ. ಮಕ್ಕಳ ಸಾಹಿತ್ಯಕ್ಕೂ ಪ್ರೌಢ ಸಾಹಿತ್ಯಕ್ಕೂ ನಡುವಣ ಹರೆಯದ ಓದುಗಳಿಗೆ ಇವು ಅವಳವೇ ಎಂಬಂತೆ ದೊರೆತಿಲ್ಲ.

ಹೊರರಾಜ್ಯಗಳಲ್ಲಿರುವ ಸಂಶೋಧಕರು ಮೂರು ಕೆಲಸಗಳನ್ನು ಕೈಗೊಳ್ಳಬಹುದು. ವಲಸೆ ಬಂದ ಕನ್ನಡ ಕುಟುಂಬಗಳಲ್ಲಿ ಅಜ್ಜಿ, ತಾಯಂದಿರು ಇನ್ನೂ ಹೇಳುತ್ತಿರುವ ಇಂಥ ಕಥೆಗಳನ್ನು ಧ್ವನಿಮುದ್ರಿಸುವುದು ಮೊದಲನೆಯದು. ಕಥೆ ಮಗಳಿಗೆ ದಾಟುವಾಗ ಯಾವ ಭಾಗ ಬಿಟ್ಟುಹೋಗುತ್ತದೆ, ಮುಖ್ಯವಾಗಿ ಬಯಕೆಯ ಮಾತು ಎಲ್ಲಿ ಕತ್ತರಿಸಲ್ಪಡುತ್ತದೆ ಎಂಬುದನ್ನು ಗುರುತಿಸುವುದು ಎರಡನೆಯದು. ಲಿಪಿ ಬಾರದಿದ್ದರೂ ಭಾಷೆ ಬಲ್ಲ ಮಕ್ಕಳಿಗಾಗಿ, ಕೇಳಿ ತಿಳಿಯುವ ರೂಪದಲ್ಲಿ ಈ ಕಥೆಗಳನ್ನು ಸಿದ್ಧಪಡಿಸುವುದು ಮೂರನೆಯದು.

ಫರೀದಾಬಾದಿನ ಹುಡುಗಿ ವ್ಯಾಂಪೈರ್ ಕಥೆಯನ್ನು ಓದುವುದು ತಪ್ಪಲ್ಲ. ಅದನ್ನು ಅವಳ ಕೈಯಿಂದ ಕಿತ್ತುಕೊಳ್ಳುವುದು ಯಾರಿಗೂ ಶೋಭೆಯಲ್ಲ. ಆದರೆ ಪ್ರೀತಿಸುವವನು ಕಾವಲು ಕಾಯುತ್ತಾನೆ ಎಂಬ ಪಾಠದ ಪಕ್ಕದಲ್ಲಿ, ಪ್ರೀತಿಸುವವನು ರೆಂಬೆ ಮುರಿಯದೆ ಹೂ ಬಿಡಿಸುತ್ತಾನೆ ಎಂಬ ಪಾಠವೂ ಅವಳಿಗೆ ಅವಳ ತಾಯಿಯ ಭಾಷೆಯಲ್ಲಿ ಕೇಳಿಬರಬೇಕು. ಇಂದು ಅವಳು ಕನ್ನಡವನ್ನು ಕೇಳಿ ಅರ್ಥಮಾಡಿಕೊಳ್ಳಬಲ್ಲಳು. ಅವಳ ಮಕ್ಕಳ ಕಾಲಕ್ಕೂ ಇದೇ ಸ್ಥಿತಿ ಇರುವುದೆಂದು ನಂಬಿ ಕೂರುವಂತಿಲ್ಲ.